ಮೇಷ್ಟ್ರ ಟ್ರಂಕು ಮತ್ತು ನಮ್ಮ ಇಮೇಲು

ಸಾಗರದ ಹತ್ತಿರದ ಊರೊಂದರಲ್ಲಿ ನನಗೆ ಪಿಯುಸಿಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರೊಬ್ಬರಿದ್ದರು. ತೀರಿಕೊಂಡು ಮೂರು ವರ್ಷವಾಯಿತು. ವರ್ಷಾಂತಿಕ ಮುಗಿದ ಮೇಲೆ ಅವರ ಮಗಳು ಫೋನ್ ಮಾಡಿ, "ಅಣ್ಣ, ಅಪ್ಪನ ಕಾಗದಪತ್ರ ಎಲ್ಲ ಒಂದು ಸಲ ನೋಡಿಕೊಡ್ತೀರಾ? ಯಾವುದು ಇಡಬೇಕು, ಯಾವುದು ಬಿಡಬೇಕು ನಮಗೆ ಗೊತ್ತಾಗ್ತಿಲ್ಲ" ಅಂದಳು. ಹೋದೆ. ಅಟ್ಟದಿಂದ ಇಳಿಸಿಟ್ಟಿದ್ದ ಕಬ್ಬಿಣದ ಟ್ರಂಕಿನಲ್ಲಿ ಇನ್‌ಲ್ಯಾಂಡ್ ಲೆಟರುಗಳು, ಹದಿನೈದು ಪೈಸೆಯ ಕಾರ್ಡುಗಳು, ದಾರ ಕಟ್ಟಿದ ಕಂತೆಗಳು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಉಳಿದದ್ದೆಲ್ಲ ಸುಖವಾಗಿತ್ತು. ಛಂದಸ್ಸಿನ ಬಗ್ಗೆ ಜಗಳ, ಸಂಬಳ ತಡವಾದದ್ದರ ಬಗ್ಗೆ ಗೊಣಗಾಟ, ಯಾರೋ ಹೊಸ ಕವಿ ಕಳಿಸಿದ ಪದ್ಯ, ಅದರ ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲಿನಲ್ಲಿ ಮಾಡಿದ ಗುರುತು. ಓದಲು ನನಗೆ ಕನ್ನಡಕವೊಂದು ಬಿಟ್ಟರೆ ಬೇರೆ ಏನೂ ಬೇಕಾಗಲಿಲ್ಲ.

2003ರ ಹೊತ್ತಿಗೆ ಕಂತೆಗಳು ನಿಂತುಹೋಗಿದ್ದವು. ಮೇಷ್ಟ್ರು ಬರೆಯುವುದನ್ನೇನೂ ನಿಲ್ಲಿಸಿರಲಿಲ್ಲ, ಇಮೇಲಿಗೆ ಹೋಗಿದ್ದರು ಅಷ್ಟೆ. ಅದರ ಪಾಸ್‌ವರ್ಡನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದರು ಕೂಡ. ಹಾಕಿದರೆ ಆ ಖಾತೆ ಓಟಿಪಿ ಕೇಳಿತು. ಓಟಿಪಿ ಹೋಗಬೇಕಾದ ಸಿಮ್ಮನ್ನು ಮನೆಯವರು ಹಿಂದಿರುಗಿಸಿ ಎಂಟು ತಿಂಗಳಾಗಿತ್ತು. ಖಾತೆ ಕೊಟ್ಟ ಕಂಪನಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಇನ್ನೇನೇನೋ ಕಳಿಸಿದೆವು. ಬಂದದ್ದು ಯಂತ್ರ ಬರೆದಂತಿದ್ದ ಒಂದು ಸಂತಾಪ ಸೂಚನೆ, ಜೊತೆಗೆ ಆಗುವುದಿಲ್ಲ ಎಂಬ ಉತ್ತರ. ಹತ್ತೊಂಬತ್ತು ವರ್ಷದ ಕಾಗದಗಳು ಯಾವುದೋ ದೇಶದ ಯಾವುದೋ ಗೋದಾಮಿನಲ್ಲಿ ಇದ್ದೂ ಇಲ್ಲದಂತಾದವು.

ಆದರೆ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇತ್ತು, ಬಟ್ಟೆ ಹೊದಿಸಿಟ್ಟದ್ದು. 2009ರಲ್ಲಿ ಮೇಷ್ಟ್ರ ಶಿಷ್ಯನೊಬ್ಬ ಅದಕ್ಕೆ ಉಬುಂಟು ಹಾಕಿ, ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶವನ್ನು ಜೋಡಿಸಿಕೊಟ್ಟಿದ್ದ. ಹಾರ್ಡ್‌ಡಿಸ್ಕ್ ತೆಗೆದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ‘ಇನ್‌ಬಾಕ್ಸ್’ ಎಂಬ ಒಂದು ಫೈಲು, ‘ಸೆಂಟ್’ ಎಂಬ ಇನ್ನೊಂದು ಫೈಲು. ಎರಡೂ ಬರೀ ಪಠ್ಯ. ಯಾವ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ, ಓಟಿಪಿಯೂ ಬೇಕಾಗಲಿಲ್ಲ. ಒಳಬಂದ ಕಾಗದಗಳು 2003ರಿಂದಲೇ ಸಿಕ್ಕವು. ಆದರೆ ಮೇಷ್ಟ್ರು ತಾವೇ ಬರೆದವು ಸಿಕ್ಕಿದ್ದು 2009ರಿಂದ ಈಚೆಗೆ ಮಾತ್ರ. ಆ ಶಿಷ್ಯ ಪಾಪ್ ವಿಧಾನ ಬಳಸಿದ್ದ, ಅದು ಇನ್‌ಬಾಕ್ಸನ್ನಷ್ಟೇ ಇಳಿಸಿಕೊಳ್ಳುತ್ತದೆ. 2014ರಲ್ಲಿ ಕಂಪ್ಯೂಟರ್ ಕೆಟ್ಟಿತು, ಮೇಷ್ಟ್ರು ಮೊಬೈಲಿಗೆ ಬಂದರು, ಅಲ್ಲಿಗೆ ಕಾಗದ ಉಳಿಯುವುದೂ ನಿಂತಿತು.

ಅಂದರೆ ಒಬ್ಬ ಮನುಷ್ಯನ ಬರವಣಿಗೆಯ ಬದುಕಿನಲ್ಲಿ ಯಾವ ಐದು ವರ್ಷ ಉಳಿಯಬೇಕು ಎಂಬುದನ್ನು ತೀರ್ಮಾನಿಸಿದ್ದು ಒಬ್ಬ ಹುಡುಗ ಒಂದು ಭಾನುವಾರ ಮಾಡಿದ ತಂತ್ರಾಂಶದ ಆಯ್ಕೆ. ಹೀಗಿರುವಾಗ ‘ಲಿನಕ್ಸಿನಲ್ಲಿ ಇಮೇಲಿಗೆ ಏನು ಬಳಸಬೇಕು’ ಎಂಬುದು ಗಣಕ ಬಲ್ಲವರ ಖಾಸಗಿ ಹರಟೆ, ಸಾಹಿತ್ಯದವರಿಗೆ ಇದರಿಂದ ಏನಾಗಬೇಕು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಹರಟೆಯನ್ನು ಗಣಕ ಬಲ್ಲವರು ನಡೆಸುವ ರೀತಿ ನೋಡಿದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಹೊಸದಾಗಿ ಲಿನಕ್ಸ್ ಹಾಕಿಕೊಂಡ ಹುಡುಗಿಯೊಬ್ಬಳು ಇಮೇಲಿಗೆ ಏನು ಹಾಕಿಕೊಳ್ಳಲಿ ಎಂದು ಕೇಳಲಿ, ಒಡನೆ ಎರಡು ಪಂಗಡಗಳ ಉತ್ತರ ಬರುತ್ತದೆ. ಒಂದು, ಸ್ವಂತ ಸರ್ವರ್ ಹಾಕು, ಪೋಸ್ಟ್‌ಫಿಕ್ಸೋ ಎಕ್ಸಿಮೋ ಆರಿಸಿಕೋ, ಸ್ವತಂತ್ರಳಾಗು. ಇನ್ನೊಂದು, ಅದೆಲ್ಲ ಯಾಕೆ, ಬ್ರೌಸರಿನಲ್ಲಿ ಜಿಮೇಲ್ ತೆರೆ, ಮುಗಿಯಿತು. ಮೊದಲನೆಯವರು ಅಂಚೆ ಕಚೇರಿಯನ್ನೇ ಮನೆಗೆ ತರಲು ಹೇಳುತ್ತಾರೆ. ಎರಡನೆಯವರು ಮನೆಯ ಟ್ರಂಕನ್ನು ಅಂಚೆ ಕಚೇರಿಯಲ್ಲಿ ಬಿಟ್ಟುಬರಲು ಹೇಳುತ್ತಾರೆ. ಟ್ರಂಕು ಮನೆಯಲ್ಲಿರಲಿ, ಅಂಚೆ ಕಚೇರಿ ಬೀದಿಯಲ್ಲಿರಲಿ ಎಂದು ಹೇಳುವವರು ಕಡಿಮೆ. ನಾನು ಹೇಳುವುದು ಅಷ್ಟೇ.

ಇಮೇಲ್ ಎಂಬುದು ಒಂದು ತಂತ್ರಾಂಶವಲ್ಲ, ಮೂರು ಕೆಲಸ. ಕಾಗದವನ್ನು ಊರಿಂದೂರಿಗೆ ಸಾಗಿಸುವುದು ಒಂದು, ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್ ಮಾಡುವುದು ಇದನ್ನು. ಬಂದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಕೇಳಿದಾಗ ಕೊಡುವುದು ಎರಡನೆಯದು, ಡವ್‌ಕಾಟ್‌ನಂಥವು ಮಾಡುವ ಕೆಲಸ. ನಾವು ಕೂತು ಓದುವ, ಬರೆಯುವ, ಹುಡುಕುವ, ಎತ್ತಿಡುವ ಮೇಜು ಮೂರನೆಯದು. ಅದೇ ಕ್ಲೈಂಟ್: ಥಂಡರ್‌ಬರ್ಡ್, ಎವೊಲ್ಯೂಶನ್, ಕೆಮೇಲ್, ಕ್ಲಾಸ್ ಮೇಲ್, ಮಟ್. ಬ್ರೌಸರಿನ ಇಮೇಲು ಈ ಮೂರನ್ನೂ ಒಂದೇ ಗಂಟು ಕಟ್ಟಿ ಕೊಡುವುದರಿಂದ ಗಂಟಿನೊಳಗೆ ಮೂರಿವೆ ಎಂಬುದೇ ನಮಗೆ ಮರೆತುಹೋಗಿದೆ.

ಸಾಗಾಣಿಕೆಯ ಜಗಳವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಅದು ನಿಜಕ್ಕೂ ಮುಗಿದ ಜಗಳ. ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ ಎಂಬತ್ತರ ದಶಕದಲ್ಲಿ ಯೂನಿಕ್ಸ್ ಲೋಕದ ಅಂಚೆಯೇ ಆಗಿತ್ತು. ಅದರ ಸಂರಚನಾ ಕಡತವನ್ನು ಕಂಡವರು ಅದನ್ನು ಬೆಕ್ಕು ಕೀಲಿಮಣೆಯ ಮೇಲೆ ಓಡಾಡಿದ್ದಕ್ಕೆ ಹೋಲಿಸುತ್ತಿದ್ದರು. ಅದನ್ನು ವಿವರಿಸಲು ಓರೈಲಿ ಪ್ರಕಾಶನ ತಂದ, ಮುಖಪುಟದಲ್ಲಿ ಬಾವಲಿಯಿದ್ದ ಪುಸ್ತಕ ಸಾವಿರ ಪುಟ ದಾಟಿತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ‘ಹುಳು’ ಇಂಟರ್‌ನೆಟ್ಟನ್ನು ಹೊಕ್ಕ ಬಾಗಿಲುಗಳಲ್ಲಿ ಒಂದು ಸೆಂಡ್‌ಮೇಲಿನಲ್ಲಿ ತೆರೆದಿಟ್ಟಿದ್ದ ಪರೀಕ್ಷಾ ಸೌಲಭ್ಯ. ಒಂದೇ ದೊಡ್ಡ ಪ್ರೋಗ್ರಾಮಿಗೆ ಎಲ್ಲ ಅಧಿಕಾರವನ್ನೂ ಕೊಟ್ಟು ಕೂರಿಸಿದರೆ ಏನಾಗುತ್ತದೆ ಎಂಬುದು ಅವತ್ತು ಎಲ್ಲರಿಗೂ ಕಂಡಿತು.

ಅದಕ್ಕೆ ಉತ್ತರವಾಗಿ ತೊಂಬತ್ತರ ದಶಕದಲ್ಲಿ ಮೂವರು ಬಂದರು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಝಲ್ 1995ರಲ್ಲಿ ಎಕ್ಸಿಮ್ ಬರೆದರು. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಬರೆದು, ಇದರಲ್ಲಿ ಭದ್ರತೆಯ ತೂತು ತೋರಿಸಿದವರಿಗೆ 500 ಡಾಲರ್ ಕೊಡುತ್ತೇನೆ ಎಂದು ಸವಾಲು ಹಾಕಿದರು. ಐಬಿಎಂನ ಸಂಶೋಧನಾ ಕೇಂದ್ರದಲ್ಲಿದ್ದ ವೀಟ್ಸೆ ವೆನೆಮಾ 1998ರ ಡಿಸೆಂಬರಿನಲ್ಲಿ ಪೋಸ್ಟ್‌ಫಿಕ್ಸನ್ನು ಬಿಡುಗಡೆ ಮಾಡಿದರು. ಕ್ಯೂಮೇಲ್ ಸೊಗಸಾದ ಕೃತಿ, ಆದರೆ ತಿದ್ದಿದ ಪ್ರತಿಯನ್ನು ಯಾರೂ ಹಂಚಬಾರದು ಎಂದು ಅದರ ಕರ್ತೃ ಹಟ ಹಿಡಿದರು. 2007ರಲ್ಲಿ ಅದನ್ನು ಸಾರ್ವಜನಿಕ ಸ್ವತ್ತು ಎಂದು ಘೋಷಿಸುವ ಹೊತ್ತಿಗೆ ಜನ ಬೇರೆ ದಾರಿ ಹಿಡಿದಾಗಿತ್ತು. ಒಂದಕ್ಷರವನ್ನೂ ತಿದ್ದಬೇಡಿ ಎಂದು ಸಂಪಾದಕರೊಡನೆ ಜಗಳವಾಡುವ ನಮ್ಮ ಕೆಲವು ಲೇಖಕರ ನೆನಪಾಗುತ್ತದೆ. ಎಕ್ಸಿಮ್ ಡೆಬಿಯನ್ನಿನ ಡೀಫಾಲ್ಟ್ ಆಗಿ ಇಂದಿಗೂ ಬದುಕಿದೆ. ಅದು ಹಳೆಯ ಮಾದರಿಯ ಒಂಟಿ ದೊಡ್ಡ ಪ್ರೋಗ್ರಾಮು. 2019ರಲ್ಲಿ ಹೊರಗಿನವರು ಯಂತ್ರದ ಪೂರ್ಣ ಅಧಿಕಾರದಲ್ಲಿ ಆಜ್ಞೆ ನಡೆಸಬಹುದಾದ ತೂತು ಅದರಲ್ಲಿ ಕಂಡಿತು. ಪೋಸ್ಟ್‌ಫಿಕ್ಸ್ ಕೆಲಸವನ್ನು ಸಣ್ಣ ಸಣ್ಣ ಪ್ರಕ್ರಿಯೆಗಳಿಗೆ ಹಂಚಿ, ಪ್ರತಿಯೊಂದಕ್ಕೂ ಅಗತ್ಯವಿದ್ದಷ್ಟೇ ಅಧಿಕಾರ ಕೊಡುತ್ತದೆ. ಅದರ ಸಂರಚನೆಯನ್ನು ಮನುಷ್ಯರು ಓದಬಹುದು. ಆದ್ದರಿಂದ ಸರ್ವರ್ ಹಾಕಲೇಬೇಕಾದವರಿಗೆ ಸಾಗಿಸಲು ಪೋಸ್ಟ್‌ಫಿಕ್ಸ್, ಇಡಲು ಡವ್‌ಕಾಟ್. ಇದರ ಬಗ್ಗೆ ಒಂದು ಸಂಜೆಗಿಂತ ಹೆಚ್ಚು ಯೋಚಿಸುವುದು ದಂಡ.

ಆದರೆ ಹಾಕಲೇಬೇಕೇ? ಇಲ್ಲಿ ನನ್ನ ಸ್ವಾತಂತ್ರ್ಯವಾದಿ ಗೆಳೆಯರು ಸುಳ್ಳು ಹೇಳುತ್ತಾರೆ ಎಂಬುದು ನನ್ನ ದೂರು. ನಾನು ಎರಡೂವರೆ ವರ್ಷ ಬಾಡಿಗೆಯ ಯಂತ್ರವೊಂದರಲ್ಲಿ ಸ್ವಂತ ಸರ್ವರ್ ನಡೆಸಿದವನು. ಸಂರಚನೆ ಕಷ್ಟವಲ್ಲ. ಕಷ್ಟವಿರುವುದು ನಮ್ಮ ಯಂತ್ರದೊಳಗಲ್ಲ, ಎದುರಿನವರ ಅನುಮಾನದಲ್ಲಿ. ಸರ್ವರುಗಳು ಪರಸ್ಪರ ಮಾತಾಡುವುದು 25ನೇ ಪೋರ್ಟಿನಲ್ಲಿ. ಮನೆಗೆ ಇಂಟರ್‌ನೆಟ್ ಕೊಡುವ ಕಂಪನಿಗಳಲ್ಲಿ ಅನೇಕವು, ಯಂತ್ರ ಬಾಡಿಗೆಗೆ ಕೊಡುವವರಲ್ಲೂ ಅನೇಕರು, ಅದನ್ನು ಮುಚ್ಚಿಟ್ಟಿರುತ್ತಾರೆ. ಅದು ತೆರೆದಿದ್ದರೂ ನಿಮ್ಮ ಐಪಿ ವಿಳಾಸದಲ್ಲಿ ನಿಮಗಿಂತ ಮೊದಲು ಬಾಡಿಗೆಗಿದ್ದವನು ಸ್ಪ್ಯಾಮ್ ಕಳಿಸಿದ್ದರೆ ಅವನ ಪಾಪ ನಿಮ್ಮ ತಲೆಗೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಗುರುತಿನ ಚೀಟಿ ಮಾಡಿಸಬೇಕು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮಗಳನ್ನು ಬಿಗಿ ಮಾಡಿವೆ. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಉಳಿದವರಿಗೂ ಒಂದಾದರೂ ಇರಬೇಕು. ನನ್ನ ಹತ್ತಿರ ಮೂರೂ ಇದ್ದವು. ಆದರೂ ದೀಪಾವಳಿ ವಿಶೇಷಾಂಕವೊಂದಕ್ಕೆ ಕಳಿಸಿದ ಪ್ರಬಂಧ ಸಂಪಾದಕರ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದು, ಅವರು ಅದನ್ನು ಕಂಡದ್ದು ಕಾರ್ತಿಕ ಮುಗಿದ ಮೇಲೆ. ನನ್ನ ಲಾಗ್ ಪ್ರಕಾರ ಕಾಗದ ಸುರಕ್ಷಿತವಾಗಿ ತಲುಪಿತ್ತು.

ಇದು ದೊಡ್ಡ ಕಂಪನಿಗಳ ದಬ್ಬಾಳಿಕೆಯಲ್ಲವೇ ಎಂದರೆ, ಹೌದು. ಪ್ರತಿಭಟಿಸಬೇಕಲ್ಲವೇ ಎಂದರೆ, ಅದಕ್ಕೂ ಹೌದು. ಆದರೆ ಎಂಎ ಓದುತ್ತಿರುವ ಹುಡುಗನೊಬ್ಬನ ಸ್ಕಾಲರ್‌ಶಿಪ್ ಅರ್ಜಿಯನ್ನು ಆ ಪ್ರತಿಭಟನೆಯ ಮುಂಚೂಣಿಗೆ ತಳ್ಳಬಾರದು. ಅಂಚೆ ಕಚೇರಿ ನಡೆಸುವುದು ಒಬ್ಬರ ಕೆಲಸವಲ್ಲ. ಒಂದು ವಿಶ್ವವಿದ್ಯಾಲಯ ನಡೆಸಲಿ, ಹತ್ತು ಜನ ಸೇರಿದ ಸಹಕಾರ ಸಂಘ ನಡೆಸಲಿ, ಲಾಗ್ ನೋಡುವುದಕ್ಕೆಂದೇ ಒಬ್ಬರಿಗೆ ಸಂಬಳ ಕೊಡುವ ಪ್ರಕಾಶನ ಸಂಸ್ಥೆ ನಡೆಸಲಿ. ವಿಪರ್ಯಾಸವೆಂದರೆ, ನಡೆಸಬಲ್ಲಷ್ಟು ಜನ, ಹಣ, ಯಂತ್ರ ಎಲ್ಲ ಇರುವ ವಿದ್ಯಾಸಂಸ್ಥೆಗಳೇ ತಮ್ಮ ಅಂಚೆಯನ್ನು ಗುತ್ತಿಗೆಗೆ ಕೊಟ್ಟು ಕೂತಿವೆ. ಒಂಟಿ ವಿದ್ಯಾರ್ಥಿಗೆ ಮಾತ್ರ ಸ್ವಾತಂತ್ರ್ಯದ ಉಪದೇಶ.

ಈಗ ಮೇಜಿಗೆ ಬರೋಣ. ನಿಜವಾದ ಆಯ್ಕೆ ಇರುವುದು ಇಲ್ಲಿ. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ ಎಂಬಾತ ಒಂದು ಇಮೇಲ್ ಕ್ಲೈಂಟ್ ಬರೆದು ಅದಕ್ಕೆ ಯುಡೋರಾ ಎಂದು ಹೆಸರಿಟ್ಟ. ಅಮೆರಿಕದ ಕಥೆಗಾರ್ತಿ ಯುಡೋರಾ ವೆಲ್ಟಿಯ ಹೆಸರು ಅದು. ಅವಳ ‘ವೈ ಐ ಲಿವ್ ಅಟ್ ದಿ ಪಿ.ಓ.’ ಕಥೆಯಲ್ಲಿ ಮನೆಯವರೊಡನೆ ಜಗಳವಾಡಿಕೊಂಡ ಹೆಂಗಸೊಬ್ಬಳು ತಾನು ಕೆಲಸ ಮಾಡುವ ಅಂಚೆ ಕಚೇರಿಗೇ ವಾಸ ಬದಲಿಸುತ್ತಾಳೆ. ಇಡೀ ದಿನ ಇಮೇಲಿನ ಕೆಲಸದಲ್ಲೇ ಮುಳುಗಿದ್ದ ಡಾರ್ನರನಿಗೆ ಅದು ತನ್ನದೇ ಕಥೆ ಅನ್ನಿಸಿತಂತೆ. ಯುಡೋರಾ ಲಿನಕ್ಸಿನದ್ದಲ್ಲ, ಮ್ಯಾಕ್ ಮತ್ತು ವಿಂಡೋಸ್‌ನದು. ಆದರೂ ಹೇಳಿದ್ದೇಕೆಂದರೆ, ಈ ತಂತ್ರಾಂಶಗಳನ್ನು ಕಟ್ಟಿದವರಿಗೆ ತಾವು ಕಟ್ಟುತ್ತಿರುವುದು ಕಾಗದ ಬರೆಯುವ ಜಾಗ ಎಂಬ ಅರಿವಿತ್ತು. ತೆರೆದ ತಂತ್ರಾಂಶದ ಚಳವಳಿಗೆ ಮಾತು ಕೊಟ್ಟ ಪ್ರಬಂಧ ಎರಿಕ್ ರೇಮಂಡ್‌ನ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’. 1997ರ ಆ ಪ್ರಬಂಧ ಉದಾಹರಣೆಯಾಗಿ ಹಿಡಿದದ್ದೂ ಇಮೇಲ್ ತಂದುಕೊಡುವ ಫೆಚ್‌ಮೇಲ್ ಎಂಬ ಪುಟ್ಟ ಪ್ರೋಗ್ರಾಮನ್ನೇ.

ಅಷ್ಟೇಕೆ, ಲಿನಕ್ಸ್ ಕರ್ನೆಲ್ಲೇ ಇವತ್ತಿಗೂ ಇಮೇಲುಗಳಲ್ಲಿ ಬರೆಯಲ್ಪಡುತ್ತಿರುವ ಕೃತಿ. ತಿದ್ದುಪಡಿಗಳು ಕಾಗದವಾಗಿ ಬರುತ್ತವೆ, ವಿಮರ್ಶೆ ಸಾಲುಸಾಲಿನ ಕೆಳಗೆ ಉತ್ತರವಾಗಿ ಹೋಗುತ್ತದೆ. ಯಾವ ಇಮೇಲ್ ಕ್ಲೈಂಟ್ ಬಳಸಬಹುದು, ಅದನ್ನು ಹೇಗೆ ಹದಗೊಳಿಸಬೇಕು ಎಂದು ಕರ್ನೆಲ್ ಜೊತೆಯ ಕೈಪಿಡಿಯಲ್ಲಿ ಒಂದು ಅಧ್ಯಾಯವೇ ಇದೆ. ಬ್ರೌಸರಿನ ಜಿಮೇಲ್ ಈ ಕೆಲಸಕ್ಕೆ ಬಾರದು ಎಂದು ಅಲ್ಲಿ ನೇರವಾಗಿ ಬರೆದಿದ್ದಾರೆ. ಅದು ಟ್ಯಾಬ್‌ಗಳನ್ನು ಖಾಲಿ ಜಾಗಗಳಾಗಿ ಬದಲಿಸುತ್ತದೆ, ಸಾಲುಗಳನ್ನು ತನ್ನಿಷ್ಟಕ್ಕೆ ಮುರಿಯುತ್ತದೆ ಎಂಬ ಕಾರಣಕ್ಕೆ. ಒಂದು ಖಾಲಿ ಜಾಗಕ್ಕೆ ಪ್ರೋಗ್ರಾಮರುಗಳು ಇಷ್ಟು ಹಟ ಹಿಡಿಯುತ್ತಾರೆ. ನಮ್ಮ ಕವಿಗಳು? ಸಾಲು ಎಲ್ಲಿ ಮುರಿಯಬೇಕೆಂದು ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಯಾವ ತಂತ್ರಾಂಶ ಅದನ್ನು ಎಲ್ಲಿ ಬೇಕಾದರೂ ಮುರಿಯಲಿ ಎಂದು ಕಳಿಸಿ ಸುಮ್ಮನಾಗುತ್ತಾರೆ. ಸರಳ ಪಠ್ಯದಲ್ಲಿ ಬರೆಯುವ ಕ್ಲೈಂಟುಗಳು ಸಾಮಾನ್ಯವಾಗಿ ಎಪ್ಪತ್ತೆರಡು ಅಕ್ಷರಕ್ಕೆ ಸಾಲು ಮಡಚುತ್ತವೆ. ಆ ಸಂಖ್ಯೆಯನ್ನು ಬದಲಿಸಬಹುದು, ಮಡಚುವುದನ್ನೇ ನಿಲ್ಲಿಸಬಹುದು. ಆದರೆ ಹಾಗೊಂದು ಸೌಲಭ್ಯವಿರುವ ಮೇಜು ನಿಮ್ಮದಾಗಿದ್ದರೆ ಮಾತ್ರ.

ಇನ್ನು ಮಟ್. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಬರೆದ, ಟರ್ಮಿನಲ್ಲಿನಲ್ಲಿ ಓಡುವ ಈ ಕ್ಲೈಂಟನ್ನು ಬಲ್ಲವರು ಬಾಯ್ತುಂಬ ಹೊಗಳುತ್ತಾರೆ. ವೇಗ, ಮೌಸ್ ಬೇಡ, ಸಾವಿರ ಕಾಗದಗಳನ್ನು ನಾಲ್ಕು ಕೀಲಿಯಲ್ಲಿ ಜರಡಿ ಹಿಡಿಯಬಹುದು. ಎಲ್ಲವೂ ನಿಜ, ಇಂಗ್ಲಿಷಿಗೆ. ಟರ್ಮಿನಲ್ ಎಂಬುದು ಚೌಕುಳಿ ಹಾಳೆ, ಒಂದು ಮನೆಯಲ್ಲಿ ಒಂದಕ್ಷರ ಎಂಬ ನಂಬಿಕೆಯ ಮೇಲೆ ನಿಂತದ್ದು. ನಮ್ಮ ‘ಸ್ತ್ರೀ’ ಯಾವ ಮನೆಯಲ್ಲಿ ಕೂರಬೇಕು? ಯೂನಿಕೋಡಿನ ಪ್ರಕಾರ ಅದರಲ್ಲಿ ಆರು ಸಂಕೇತಗಳಿವೆ. ಕಾಣಬೇಕಾದದ್ದು ಒಂದೇ ಅಕ್ಷರ, ಎರಡು ಒತ್ತು, ಒಂದು ದೀರ್ಘ. ಬಹುಪಾಲು ಟರ್ಮಿನಲ್ಲುಗಳಲ್ಲಿ ಒತ್ತು ಪಕ್ಕಕ್ಕೆ ಜಾರಿ, ಗುಣಿತ ಕಳಚಿ, ಹಳೆಯ ಅಚ್ಚುಕೂಟದ ಮೊಳೆಗಳನ್ನು ನೆಲಕ್ಕೆ ಚೆಲ್ಲಿದ ಹಾಗೆ ಕಾಣುತ್ತದೆ. ಎಲ್ಲರಿಗಿಂತ ಜಾಣರು ಬಳಸುವ ಕ್ಲೈಂಟ್ ಎಂದು ಯಾರೋ ಹೇಳಿದ್ದನ್ನು ಕೇಳಿ ನಾನು ಒಂದು ವರ್ಷ ಮಟ್ ಬಳಸಿದೆ. ಆ ವರ್ಷ ನನಗೇ ಗೊತ್ತಿಲ್ಲದೆ ಗೆಳೆಯರಿಗೆ ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡಿದ್ದೆ. ಇದನ್ನು ಈಗಲೂ ನಾಚಿಕೆಯಿಂದಲೇ ಹೇಳುತ್ತೇನೆ. ಉಪಕರಣವೊಂದು ನಮ್ಮ ಭಾಷೆಯನ್ನು ನಿಷೇಧಿಸಬೇಕಾಗಿಲ್ಲ, ಕುರೂಪವಾಗಿ ತೋರಿಸಿದರೆ ಸಾಕು, ನಿಷೇಧದ ಕೆಲಸ ನಾವೇ ಮಾಡಿಕೊಳ್ಳುತ್ತೇವೆ.

ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ನನ್ನ ಮೊದಲ ಪರೀಕ್ಷೆ ಬಹಳ ಸುಲಭ. ‘ಸ್ತ್ರೀ’, ‘ರಾಷ್ಟ್ರ’, ‘ಅರ್ಕಾವತಿ’ ಈ ಮೂರನ್ನು ವಿಷಯದ ಸಾಲಿನಲ್ಲೂ ಒಡಲಲ್ಲೂ ಬರೆದು ನಿಮಗೆ ನೀವೇ ಕಳಿಸಿಕೊಳ್ಳಿ. ಸರಿಯಾಗಿ ಬಂತೇ, ಸರಿಯಾಗಿ ಕಂಡಿತೇ, ಹುಡುಕಿದರೆ ಸಿಕ್ಕಿತೇ? ಮೂರನೆಯದು ತಮಾಷೆಯ ಮಾತಲ್ಲ. ಇಮೇಲ್ ಹುಟ್ಟಿದ್ದು ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರಗಳಿಗಾಗಿ. 1992ರಲ್ಲಿ ಬಂದ ಮೈಮ್ ಎಂಬ ಒಡಂಬಡಿಕೆ ಬೇರೆ ಲಿಪಿಗಳನ್ನು ಇಂಗ್ಲಿಷ್ ಅಕ್ಷರಗಳ ಮುಸುಕು ಹೊದಿಸಿ ಸಾಗಿಸುವ ದಾರಿ ತೋರಿಸಿತು. ಮುಸುಕಿನಲ್ಲಿ ಎರಡು ಬಗೆ. ನಮ್ಮ ‘ಕ’ ಮೂರು ಬೈಟು. ಒಂದು ಬಗೆಯಲ್ಲಿ ಅದು ನಾಲ್ಕು ಅಕ್ಷರವಾಗುತ್ತದೆ, ಇನ್ನೊಂದರಲ್ಲಿ ಒಂಬತ್ತು. ‘ಸ್ತ್ರೀ’ ಐವತ್ತನಾಲ್ಕು ಅಕ್ಷರದ ಮೆರವಣಿಗೆ. ಆದ್ದರಿಂದ ಲಿನಕ್ಸ್ ಪಂಡಿತರು ಹೇಳುವ ಹಾಗೆ ಗ್ರೆಪ್ ಹಾಕಿ ಕಡತಗಳಲ್ಲಿ ನೇರವಾಗಿ ಕನ್ನಡ ಹುಡುಕಿದರೆ ಏನೂ ಸಿಗದೆ ಹೋಗಬಹುದು. ಮುಸುಕು ತೆಗೆದು ಹುಡುಕಬಲ್ಲ ಕ್ಲೈಂಟೇ ಬೇಕು.

ಥಂಡರ್‌ಬರ್ಡ್, ಎವೊಲ್ಯೂಶನ್, ಕ್ಲಾಸ್ ಮೇಲ್ ಮೂರರಲ್ಲೂ ಕನ್ನಡ ಸರಿಯಾಗಿ ಕಾಣುತ್ತದೆ. ನಾನು ಬಳಸುವುದು ಥಂಡರ್‌ಬರ್ಡ್. ಅದು ಭಾರ, ಮೆನುಗಳು ಅತಿ, ಪ್ರತಿ ದೊಡ್ಡ ಆವೃತ್ತಿಗೂ ಮನೆಯ ಪೀಠೋಪಕರಣ ಜರುಗಿಸಿ ಇಡುವ ಚಾಳಿ ಅದಕ್ಕಿದೆ. ಹಳೆಯ ಯಂತ್ರವಿದ್ದವರು ಕ್ಲಾಸ್ ಮೇಲ್ ಹಾಕಿಕೊಳ್ಳಲಿ, ಹಗುರ, ಪ್ರತಿ ಕಾಗದವನ್ನೂ ಒಂದೊಂದು ಬೇರೆ ಫೈಲಾಗಿ ಇಡುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿದಿರಿ ಎಂಬುದರ ಬಗ್ಗೆ ನನಗೆ ಜಗಳವಿಲ್ಲ. ಜಗಳವಿರುವುದು ಇವು ಯಾವುವೂ ಬೇಡ, ಬ್ರೌಸರ್ ಸಾಕು ಎನ್ನುವವರ ಬಗ್ಗೆ.

ಅವರ ವಾದ ನನಗೆ ಗೊತ್ತು. ನಮ್ಮ ಹಾರ್ಡ್‌ಡಿಸ್ಕ್ ಕೆಡುತ್ತದೆ, ಅವರ ಗೋದಾಮು ಕೆಡುವುದಿಲ್ಲ, ಎಲ್ಲಿ ಬೇಕಾದರೂ ಮೊಬೈಲಿನಲ್ಲಿ ತೆರೆಯಬಹುದು. ಸರಿ. ಐಮ್ಯಾಪ್ ಬಳಸಿದರೆ ಅಲ್ಲಿಯೂ ಒಂದು ಪ್ರತಿ, ಇಲ್ಲಿಯೂ ಒಂದು ಪ್ರತಿ, ಎರಡೂ ಇರುತ್ತವೆ. ಅಲ್ಲಿನದು ಮಾತ್ರ ಇದ್ದರೆ ಏನಾಗುತ್ತದೆ? ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ಡಿಸೆಂಬರಿನಿಂದ ಜಾರಿಗೆ ತಂದಿತು. ಭದ್ರತೆಯ ದೃಷ್ಟಿಯಿಂದ ಅದಕ್ಕೆ ಕಾರಣವೂ ಇದೆ. ಆದರೆ ಲೇಖಕರೊಬ್ಬರು ತೀರಿಹೋಗಿ, ಮನೆಯವರು ದುಃಖದಿಂದ ಚೇತರಿಸಿಕೊಂಡು, ಯಾರೋ ಸಂಶೋಧಕಿ ಬಂದು ಕಾಗದಗಳನ್ನು ಕೇಳುವ ಹೊತ್ತಿಗೆ ಎರಡು ವರ್ಷ ಎಂಬುದು ಎಷ್ಟು ಹೊತ್ತು? ಟ್ರಂಕು ಅಟ್ಟದಲ್ಲಿ ಇಪ್ಪತ್ತು ವರ್ಷ ಯಾರೂ ಮುಟ್ಟದೆ ಕೂತಿತ್ತು. ಯಾರೂ ಮುಟ್ಟದೆ ಇದ್ದದ್ದರಿಂದಲೇ ಉಳಿದಿತ್ತು. ಖಾಸಗಿ ಕಾಗದಗಳು ಉಳಿಯಲೇಬೇಕೇ, ಸುಡುವ ಹಕ್ಕಿಲ್ಲವೇ ಎಂದು ಕೇಳಬಹುದು. ಇದೆ. ಆದರೆ ಸುಡುವುದಕ್ಕೂ ಕಾಗದ ನಮ್ಮ ಕೈಯಲ್ಲಿರಬೇಕಲ್ಲ.

ವಿದ್ಯಾರ್ಥಿಗಳಿಗೆ ಇದು ದೂರದ ಮಾತು ಅನ್ನಿಸಿದರೆ ಹತ್ತಿರದ್ದನ್ನೇ ನೋಡಿ. ಕಾಲೇಜು ಕೊಟ್ಟ ಇಮೇಲ್ ವಿಳಾಸ ನೀವು ಪಾಸಾದ ಕೆಲವು ತಿಂಗಳಿಗೆ ಸಾಯುತ್ತದೆ. ಮಾರ್ಗದರ್ಶಕರ ಜೊತೆಗಿನ ಚರ್ಚೆ, ಮೊದಲ ಕಥೆಗೆ ಬಂದ ಮೊದಲ ತಿರಸ್ಕಾರ, ಎಲ್ಲವೂ ಅದರ ಜೊತೆಗೆ. ಸಾಯುವ ಮೊದಲು ಇಳಿಸಿಕೊಳ್ಳೋಣ ಎಂದರೆ ಎಷ್ಟೋ ಕಡೆ ಐಮ್ಯಾಪ್ ಸೌಲಭ್ಯವನ್ನೇ ಮುಚ್ಚಿಟ್ಟಿರುತ್ತಾರೆ. ಗೂಗಲ್ 2022ರ ಮೇ ಕೊನೆಯಲ್ಲಿ ಹೊರಗಿನ ತಂತ್ರಾಂಶಗಳು ಬರೀ ಪಾಸ್‌ವರ್ಡಿನಿಂದ ಒಳಬರುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಅದೇ ವರ್ಷದ ಅಕ್ಟೋಬರಿನಿಂದ ಸಂಸ್ಥೆಗಳ ಖಾತೆಗಳಲ್ಲಿ ಅದೇ ದಾರಿ ಹಿಡಿಯಿತು. ಥಂಡರ್‌ಬರ್ಡಿನಂಥ ದೊಡ್ಡವು ಹೊಸ ಬಾಗಿಲಿಗೆ ಹೊಂದಿಕೊಂಡವು, ಸಣ್ಣವು ಒದ್ದಾಡುತ್ತಿವೆ. ಬಾಗಿಲು ಪ್ರತಿ ವರ್ಷ ಇಷ್ಟಿಷ್ಟೇ ಕಿರಿದಾಗುತ್ತಿದೆ ಎಂಬುದು ಕಾಣುವುದು ಬಾಗಿಲ ಬಳಿ ನಿಂತವರಿಗೆ ಮಾತ್ರ. ಒಳಗೇ ವಾಸ ಮಾಡುವವರಿಗೆ ಅದು ಗೊತ್ತಾಗುವುದಿಲ್ಲ.

ಮಾಡಬೇಕಾದದ್ದು ಒಂದು ಭಾನುವಾರದ ಕೆಲಸ. ವರ್ಷಕ್ಕೆ ಸುಮಾರು ಸಾವಿರ ರೂಪಾಯಿಗೆ ಸ್ವಂತ ಡೊಮೇನ್ ಹೆಸರು ಕೊಳ್ಳಿ, ಇಬ್ಬರು ಮೂವರು ಗೆಳೆಯರು ಸೇರಿ ಕೊಂಡರೂ ಆಯಿತು. ಅದರ ಅಂಚೆಯನ್ನು ಐಮ್ಯಾಪ್ ಕೊಡುವ ಯಾವುದಾದರೂ ಸೇವೆಗೆ ವಹಿಸಿ. ಸೇವೆ ಸರಿಬರದಿದ್ದರೆ ಸೇವೆ ಬದಲಾಗಲಿ, ವಿಳಾಸ ಬದಲಾಗುವುದಿಲ್ಲ. ಡೊಮೇನಿನ ಬಾಡಿಗೆ ಕಟ್ಟುವುದನ್ನು ಮರೆತರೆ ಮಾತ್ರ ವಿಳಾಸ ಪರರ ಪಾಲಾಗುತ್ತದೆ, ಎಚ್ಚರ. ಡೊಮೇನ್ ಬೇಡವಾದರೆ ಈಗಿರುವ ಖಾತೆಯನ್ನೇ ಕ್ಲೈಂಟಿಗೆ ಜೋಡಿಸಿ. ಎಲ್ಲ ಫೋಲ್ಡರುಗಳನ್ನೂ, ಮುಖ್ಯವಾಗಿ ಕಳಿಸಿದ ಕಾಗದಗಳನ್ನು, ಯಂತ್ರದಲ್ಲಿ ಇಟ್ಟುಕೊಳ್ಳುವಂತೆ ಗುರುತು ಹಾಕಿ. ಐಮ್ಯಾಪಿನಲ್ಲಿ ಒಂದು ಅಪಾಯವಿದೆ. ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ, ನಾನು ಯುಗಾದಿಗೆ ಮಾಡುತ್ತೇನೆ, ಎಮ್‌ಬಿಸಿಂಕ್ ಎಂಬ ಸಣ್ಣ ಸಾಧನದಿಂದ ಇಡೀ ಪೆಟ್ಟಿಗೆಯನ್ನು ಮೇಲ್‌ಡಿರ್ ರೂಪದಲ್ಲಿ ಬೇರೊಂದು ಡಿಸ್ಕಿಗೆ ಇಳಿಸಿ ಎತ್ತಿಡಿ. ಮೇಲ್‌ಡಿರ್ ಎಂದರೆ ಒಂದು ಕಾಗದಕ್ಕೆ ಒಂದು ಫೈಲು. ಕ್ಯೂಮೇಲಿನ ಆ ಹಟಮಾರಿ ಬರ್ನ್‌ಸ್ಟೈನ್ ಅವರದೇ ಕೊಡುಗೆ ಅದು, ಅವರ ಸರ್ವರಿಗಿಂತ ಹೆಚ್ಚು ಬಾಳಿದೆ. ಇನ್ನೊಂದು ಮಾತು: ಗೂಢಲಿಪಿಯ ಹುಚ್ಚಿರುವವರು ಡಿಸ್ಕಿಗೆ ಬೀಗ ಹಾಕುವುದಾದರೆ ಕೀಲಿಕೈ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ.

ಮೇಷ್ಟ್ರ ಹಾರ್ಡ್‌ಡಿಸ್ಕಿನಲ್ಲಿ ಸಿಕ್ಕವುಗಳಲ್ಲಿ ಕೆಲವು ಯೂನಿಕೋಡಿಗೂ ಮುಂಚಿನ ಫಾಂಟುಗಳಲ್ಲಿದ್ದವು, ತೆರೆದರೆ ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳ ಜಾತ್ರೆ. ಯಾವ ಫಾಂಟೆಂದು ಪತ್ತೆ ಮಾಡಿ, ಪರಿವರ್ತಿಸಿ, ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಲು ಎರಡು ತಿಂಗಳು ಹಿಡಿಯಿತು. ಆಮೇಲೆ ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಮುದ್ರಿಸಿದ ಒಂದು ಪ್ರತಿಯ ಜೊತೆ ಮಗಳಿಗೆ ಕೊಟ್ಟುಬಂದೆ. ಅವಳು ಒಂದೊಂದೇ ಹಾಳೆ ತಿರುವುತ್ತ ಹೋಗಿ 2014ರ ಮಾರ್ಚಿನ ಒಂದು ಕಾಗದದ ಬಳಿ ನಿಂತಳು. ಅದರಲ್ಲಿ ಮೇಷ್ಟ್ರು ಗೆಳೆಯರೊಬ್ಬರಿಗೆ, ಮಗಳ ಮದುವೆಯ ಗಲಾಟೆ ಮುಗಿಯಲಿ, ನಿಮ್ಮ ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ ಎಂದಿದ್ದರು. "ಇದರ ಮುಂದಿನದು ಎಲ್ಲಿ ಅಣ್ಣ?" ಎಂದಳು. ಕಂಪ್ಯೂಟರ್ ಕೆಟ್ಟದ್ದು ಆ ಏಪ್ರಿಲಿನಲ್ಲಿ.